ಒಂದೇ ಚುಚ್ಚು

ಪಾರ್ಸಲ್ಲಿನ ಮೇಲೆ ತನ್ನ ಹೆಸರು ಬರಲಿ ಎಂದು ಮಾಲತೇಶ ಆಸೆಪಟ್ಟದ್ದೇ ತಪ್ಪಾಯಿತು. ಆಸೆ ದೊಡ್ಡದೇನೂ ಅಲ್ಲ. ಹುಬ್ಬಳ್ಳಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಹನ್ನೆರಡು ವರ್ಷ ದುಡಿದಿದ್ದ. ಬೋರ್ಡು, ರಿಪೋರ್ಟು, ಕೊನೆಗೆ ಗೋಡೆಯ ಕ್ಯಾಲೆಂಡರು, ಎಲ್ಲದರ ಮೇಲೂ ಯಾರ ಯಾರದೋ ಹೆಸರು ಬಂತೇ ಹೊರತು ಇವನದು ಬರಲಿಲ್ಲ. ಹೀಗಾಗಿ ಸೆಂಟರಿಗೆ ಸಾಮಾನು ಕಳಿಸುವ ಮುಂಬಯಿಯ ಕಂಪನಿಯವರು ಫೋನಿನಲ್ಲಿ ವಿಳಾಸ ಕೇಳಿದಾಗ, ರವಿವಾರ ಸೆಂಟರು ಮುಚ್ಚಿರುತ್ತದೆ ಎಂಬ ನೆವ ಹೇಳಿ ಬೈರಿದೇವರಕೊಪ್ಪದ ತನ್ನ ಮನೆಯ ವಿಳಾಸ ಕೊಟ್ಟುಬಿಟ್ಟ. ಹೆಸರನ್ನಂತೂ ಒಂದೊಂದೇ ಅಕ್ಷರ ಬಿಡಿಸಿ, ಎರಡು ಸಲ ಬರೆಸಿದ.

ಬರಬೇಕಾಗಿದ್ದದ್ದು ಸೂಜಿಯ ಗೈಡು. ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಆಗ ಸೆಂಟರಿನ ಡಾಕ್ಟರ್ ಕರುಣಾ ಅವರು ಹೊಟ್ಟೆಯೊಳಗಿನ ಗಂಟಿನಿಂದ ಪರೀಕ್ಷೆಗೆ ಮಾಂಸದ ಒಂದು ಎಳೆ ತೆಗೆಯಬೇಕಾದರೆ ಒಂದು ಕೈಯಲ್ಲಿ ಹೊಟ್ಟೆಯ ಮೇಲೆ ಆಡಿಸುವ ಸ್ಕ್ಯಾನಿನ ಪ್ರೋಬು, ಇನ್ನೊಂದು ಕೈಯಲ್ಲಿ ಗೇಣುದ್ದದ ಸೂಜಿ ಹಿಡಿದು, ಕಣ್ಣನ್ನು ಪರದೆಯ ಮೇಲಿಟ್ಟು ಚುಚ್ಚಬೇಕಾಗಿತ್ತು. ಗಂಟು ಆಳದಲ್ಲಿದ್ದರೆ ಸೂಜಿ ಕೂದಲೆಳೆಯಷ್ಟು ಓರೆಯಾದರೂ ಕೆಲಸ ಕೆಟ್ಟಿತು. ಗೈಡು ಅಂದರೆ ಅಂಗೈಯೊಳಗೆ ಅಡಗುವ ಒಂದು ಸ್ಟೀಲಿನ ತುಂಡು. ಪ್ರೋಬಿಗೆ ಅದನ್ನು ಸಿಕ್ಕಿಸಿ, ತಿರುಪು ತಿರುಗಿಸಿ ಬೇಕಾದ ಓರೆಗೆ ಹೊಂದಿಸಿಕೊಂಡರೆ, ಸೂಜಿ ಅದರ ಕೊರಕಲಿನಲ್ಲಿ ಹಾದು ಪರದೆಯ ಮೇಲಿನ ಚುಕ್ಕಿಗೆರೆಯ ಗುಂಟ ನೆಟ್ಟಗೆ ಗಂಟಿಗೇ ಹೋಗಿ ನಿಲ್ಲುತ್ತದೆ.

ಅದನ್ನು ತರಿಸಿದ್ದು ಮುಖ್ಯವಾಗಿ ಉಪ್ಪಿನಬೆಟಗೇರಿಯ ಉಡಚವ್ವನ ಸಲುವಾಗಿ. ಅವಳ ಲಿವರಿನ ಆಳದಲ್ಲಿ ಲಿಂಬೆಹಣ್ಣಿನಷ್ಟು ಗಂಟು. ಅದು ಎಂಥದ್ದು ಎಂದು ತಿಳಿಯದೆ ಯಾವ ಔಷಧವನ್ನೂ ಸುರು ಮಾಡುವಂತಿರಲಿಲ್ಲ. ಎರಡು ಸಲ ಚುಚ್ಚಿದ್ದರು, ಎರಡು ಸಲವೂ ಸೂಜಿ ಪಕ್ಕಕ್ಕೆ ಹೋಗಿತ್ತು. ಎರಡನೆಯ ಸಲ ಉಡಚವ್ವ ಮಂಚದಿಂದ ಇಳಿದವಳೇ, ಗಂಟು ನನ್ನದು, ನನ್ನ ಸಂಗಡ ಬಂದದ್ದು ನನ್ನ ಸಂಗಡ ಹೋಗಲಿ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಮಗನಿಗೆ ಹೇಳಿ ನಡೆದುಬಿಟ್ಟಿದ್ದಳು. ಬಸ್‌ಸ್ಟ್ಯಾಂಡಿನವರೆಗೆ ಅವಳ ಬೆನ್ನು ಹತ್ತಿ ಹೋದವನು ಮಾಲತೇಶ. ಅವನ ತಾಯಿಯ ತವರೂ ಉಪ್ಪಿನಬೆಟಗೇರಿಯೇ ಆದ್ದರಿಂದ ಅವಳಿಗೆ ಇವನೆಂದರೆ ಅಕ್ಕರೆ.

“ಯವ್ವಾ, ಮುಂಬೈದಿಂದ ಹೊಸಾ ಸಾಮಾನ ಬರಾಕತ್ತೈತಿ. ಈ ಸಲ ಒಂದ ಚುಚ್ಚು. ಎರಡನೇದ್ದು ಇಲ್ಲ. ನಾ ಮಾತ ಕೊಡ್ತೇನಿ,” ಎಂದಿದ್ದ.

“ಡಾಕ್ಟರ್ ಮಾತಿಗೆ ಬರೂದಿಲ್ಲ ತಮ್ಮಾ. ನಿನ್ನ ಮಾತಿಗೆ ಬರ್ತೇನಿ,” ಎಂದಿದ್ದಳು ಮುದುಕಿ.

ಹಾಗೆ ಗೊತ್ತಾದ ದಿನ ಜೂನ್ ತಿಂಗಳ ಒಂದು ಸೋಮವಾರ, ಮಧ್ಯಾಹ್ನ ಹನ್ನೆರಡು ಗಂಟೆ. ಮಾಲತೇಶ ರವಿವಾರ ಬೆಳಗಿನಿಂದ ಇಸ್ತ್ರಿಯ ಅಂಗಿ ತೊಟ್ಟು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪಾರ್ಸಲ್ಲಿನ ದಾರಿ ಕಾದ. ಸೈಕಲ್ಲಿನ ಗಂಟೆ ಕೇಳಿದರೆ ಎದ್ದು ನಿಲ್ಲುವನು. ಪಾರ್ಸಲ್ಲು ಬರಲಿಲ್ಲ. ಸೋಮವಾರ ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ಕೊರಿಯರ್ ಆಫೀಸಿಗೆ ಫೋನು ಹಚ್ಚಿದರೆ, ಅದು ಶನಿವಾರವೇ ಮುಟ್ಟಿದೆ, ಸಹಿಯೂ ಆಗಿದೆ ಎಂದರು. ಸಹಿ ಯಾರದು ಎಂದರೆ, ಬೀರಲಿಂಗಪ್ಪ.

ಬೀರಲಿಂಗಪ್ಪನವರು ಎದುರು ಮನೆಯವರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಈಗ ಓಣಿಗೆ ಯಾರು ಬಂದರು, ಯಾರು ಹೋದರು ಎಂಬುದರ ಉಸ್ತುವಾರಿ ಅವರದೇ. ಮಾಲತೇಶ ಓಡಿಬಂದು ಕೇಳಿದಾಗ ಅವರು ಹಲ್ಲುಜ್ಜುತ್ತಿದ್ದರು. ಸಾವಕಾಶವಾಗಿ ಬಾಯಿ ಮುಕ್ಕಳಿಸಿ, ನಡೆದದ್ದನ್ನು ಹೇಳಿದರು. ಅವನು ಕೆಲಸಕ್ಕೆ ಹೋಗಿ ಮನೆಗೆ ಬೀಗವಿದ್ದ ಹೊತ್ತಿನಲ್ಲಿ ಕೊರಿಯರಿನವನು ಬಂದು ಮಾಲತೇಶ ಅನ್ನುವವರು ಯಾರೆಂದು ಮನೆ ಮನೆ ಕೇಳಿದನಂತೆ. ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲವಂತೆ. ತಿಳಿಯುವುದಾದರೂ ಹೇಗೆ, ಎಲ್ಲರೂ ಅವನನ್ನು ಕರೆಯುವುದು ಎಕ್ಸರೇ ಕಾಕಾ ಎಂದು.

“ಡಬ್ಬಿ ಮ್ಯಾಲ ಇಂಗ್ಲಿಷಿನ್ಯಾಗ ಸೂಜಿ ಅಂತ ಬರದಿತ್ತು. ಈ ಓಣ್ಯಾಗ ಸೂಜಿ ಅಂದ್ರ ಗುಲ್ಜಾರಬಿ ಮನಿ, ಮತ್ತ ಯಾರದು? ಸಹಿ ಮಾಡಿ ನಾನ ಒಯ್ದು ಕೊಟ್ಟೇನಿ. ಉಪಕಾರ ಮಾಡೂದೂ ತಪ್ಪಾತೇನು?” ಎಂದರು ಬೀರಲಿಂಗಪ್ಪನವರು.

ಹನ್ನೆರಡು ವರ್ಷಕ್ಕೊಮ್ಮೆ ತನ್ನ ಹೆಸರು ಅಚ್ಚಾಗಿ ಓಣಿಗೆ ಬಂದರೆ ಅದನ್ನು ಗುರುತಿಸುವವರು ಒಬ್ಬರೂ ಇರಲಿಲ್ಲವಲ್ಲ ಎಂದು ಮಾಲತೇಶನಿಗೆ ಕಸಿವಿಸಿಯಾಯಿತು. ಆದರೆ ಕಸಿವಿಸಿಪಡಲು ಪುರುಸೊತ್ತಿರಲಿಲ್ಲ. ಓಣಿಯ ಕೊನೆಯಲ್ಲಿದ್ದ ಗುಲ್ಜಾರಬಿಯ ಮನೆಗೆ ಓಡಿದ.

ಗುಲ್ಜಾರಬಿ ಹೊಲಿಗೆಯಲ್ಲಿ ಹೆಸರು ಮಾಡಿದವಳು. ಬಟ್ಟೆಯ ಅಂಚು ನೆಟ್ಟಗೆ ಹೊಲಿಯಲು ಮಶೀನಿಗೆ ಹಚ್ಚುವ ಗೈಡೊಂದನ್ನು ತರಿಸಿಕೊಡಿ ಎಂದು ಅಂಗಡಿಯವನಿಗೆ ದೀಪಾವಳಿಯಿಂದ ಹೇಳುತ್ತಿದ್ದಳು. ಶನಿವಾರ ಡಬ್ಬಿ ಬಂದಾಗ, ಅಂತೂ ಅವನಿಗೆ ಕರುಣೆ ಬಂತು ಎಂದುಕೊಂಡು ಬಿಚ್ಚಿ, ಮಶೀನಿನ ಹಲಗೆಗೆ ಬಿಗಿದು, ತಿರುಪು ತಿರುಗಿಸಿ ನೋಡಿದ್ದಳು. ಬೇಕಾದ ಕಡೆ ಓರೆಯಾಗುತ್ತದೆ, ಬೇಕಾದಲ್ಲಿ ನಿಲ್ಲುತ್ತದೆ.

“ಖರೇ ಹೇಳ್ತೇನ್ರಿ ಕಾಕಾ, ಇಪ್ಪತ್ತ ವರ್ಷದಾಗ ಇಂಥಾ ಗೈಡ್ ನೋಡಿಲ್ಲ. ಗೆರಿ ಹೊಡದಂಗ ಬರ್ತೈತಿ ಹೊಲಿಗಿ,” ಎಂದಳು ಗುಲ್ಜಾರಬಿ. ಅಷ್ಟು ಚೆನ್ನಾಗಿದೆ ಎಂದೇ ಅದನ್ನು ನಿನ್ನೆ ಗಬ್ಬೂರಿನ ತನ್ನ ತಂಗಿ ಅಬೀದಾಳಿಗೆ ಕೊಟ್ಟು ಕಳಿಸಿದ್ದಳು. ಅಬೀದಾಳಿಗೆ ಶಾಲೆಯ ಹುಡುಗಿಯರ ಅರವತ್ತು ಲಂಗ ಹೊಲಿದುಕೊಡುವ ಕೆಲಸ ಬಂದಿತ್ತು.

ಬೈರಿದೇವರಕೊಪ್ಪ ಹುಬ್ಬಳ್ಳಿಯ ಈ ತುದಿಯಾದರೆ ಗಬ್ಬೂರು ಆ ತುದಿ. ಮಾಲತೇಶ ಮತ್ತೆ ಬೂತಿಗೆ ಓಡಿ ಡಾಕ್ಟರಿಗೆ ಫೋನು ಮಾಡಿದ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದೇ ಮಾಡಿದ್ದ. ಅವರ ದನಿ ಕೇಳಿದ ಕೂಡಲೇ ಬಾಯಿಂದ ಬೇರೆಯೇ ಬಂತು. ಕೊರಿಯರಿನವರು ತಡಮಾಡಿದ್ದಾರೆ, ಆಫೀಸಿಗೇ ಹೋಗಿ ತರುತ್ತೇನೆ ಎಂದ. ಉಡಚವ್ವ ಆಗಲೇ ಬಂದು ಕೂತಿದ್ದಾಳೆ, ನಿನ್ನೆ ರಾತ್ರಿಯಿಂದ ಉಪವಾಸ, ಲಗೂನ ಬರ್ರಿ ಎಂದು ಡಾಕ್ಟರು ಫೋನಿಟ್ಟರು. ಆ ಮುದುಕಿ ಖಾಲಿ ಹೊಟ್ಟೆಯಲ್ಲಿ ತನ್ನ ಮಾತು ನಂಬಿ ಕೂತಿದ್ದಾಳೆ ಎಂಬುದು ಅವನ ಎದೆಗೆ ಚುಚ್ಚಿತು.

ತಮ್ಮ ಸಹಿಯಿಂದಲೇ ಇಷ್ಟೆಲ್ಲ ಆಯಿತೆಂದು ಬೀರಲಿಂಗಪ್ಪನವರು ಸ್ಕೂಟರು ಹೊರಗೆ ತೆಗೆದರು. ಬೇಡವೆಂದರೆ ಕೇಳುವವರಲ್ಲ. ಅವರು ಸ್ಕೂಟರನ್ನು ಗೂಡ್ಸ್ ಗಾಡಿಯಂತೆ ನಡೆಸುವವರು. ಹೊಸೂರಿನಲ್ಲಿ ಹಳೆಯ ಸಹೋದ್ಯೋಗಿ ಸಿಕ್ಕರೆಂದು ನಿಲ್ಲಿಸಿದರು. ಚೆನ್ನಮ್ಮ ಸರ್ಕಲ್ಲಿನಲ್ಲಿ, ಅವಸರವಿದ್ದಾಗಲೇ ಎಂಜಿನ್ನಿಗೆ ವಿಶ್ರಾಂತಿ ಬೇಕು ಎಂದು ನಿಲ್ಲಿಸಿದರು. ಮುಂದೆ ಸ್ಕೂಟರು ತಾನಾಗಿಯೇ ನಿಂತಿತು. ಮಾಲತೇಶ ಇಸ್ತ್ರಿಯ ಅಂಗಿಯಲ್ಲಿ ಅದನ್ನು ಎರಡು ಫರ್ಲಾಂಗು ನೂಕಿದ. ನೂಕುವಾಗಲೂ ಬೀರಲಿಂಗಪ್ಪನವರು ಸೀಟಿನಿಂದ ಇಳಿಯಲಿಲ್ಲ, ಹ್ಯಾಂಡಲ್ಲು ಹಿಡಿಯಲು ಒಬ್ಬರು ಬೇಕೇ ಬೇಕಲ್ಲ.

ಗಬ್ಬೂರಿಗೆ ಮುಟ್ಟುವಾಗ ಹನ್ನೊಂದು ಹೊಡೆದಿತ್ತು. ಅಬೀದಾ ಮಶೀನಿನ ಮೇಲೆ ಬಗ್ಗಿ ನೀಲಿ ಲಂಗ ಹೊಲಿಯುತ್ತಿದ್ದಳು. ಹೊಸ ಗೈಡು ನೋಡಲು ಓಣಿಯ ನಾಲ್ಕು ಹೆಣ್ಣುಮಕ್ಕಳು ಸುತ್ತ ಕೂತಿದ್ದರು. ಮಾಲತೇಶ ಕೇಳಿದ್ದಕ್ಕೆ ಅಬೀದಾ ತಲೆ ಎತ್ತದೆ, ಇನ್ನೂ ಹದಿನೈದು ಲಂಗ ಬಾಕಿ ಇವೆ, ಸಂಜೆಗೆ ಬಂದು ಒಯ್ಯಿರಿ ಎಂದಳು. ಇದು ಬಟ್ಟೆ ಹೊಲಿಯುವ ಸಾಮಾನಲ್ಲ, ಮನುಷ್ಯರಿಗೆ ಚುಚ್ಚುವ ಸಾಮಾನು ಎಂದು ಇವನು ಹೇಳಿದ ಮೇಲೆ ನಾಲ್ವರೂ ಸೆರಗು ಬಾಯಿಗೆ ಹಚ್ಚಿ ನಕ್ಕರು. ಬೀರಲಿಂಗಪ್ಪನವರು ನಡುವೆ ಬಾಯಿ ಹಾಕಿ, ತಿರುಪನ್ನು ಹೇಗೆ ತಿರುಗಿಸಬೇಕೆಂದು ಅಬೀದಾಳಿಗೇ ಕಲಿಸತೊಡಗಿದರು.

ಕೊನೆಗೆ ಮಾಲತೇಶ ನೆಲದ ಮೇಲೆ ಕೂತು ಉಡಚವ್ವನ ಸುದ್ದಿ ಹೇಳಿದ. ಎರಡು ಸಲ ಚುಚ್ಚಿದ್ದು, ತಾನು ಮಾತು ಕೊಟ್ಟದ್ದು, ಅವಳು ಉಪವಾಸ ಕೂತದ್ದು. ಮಶೀನಿನ ಚಕ್ರ ನಿಂತಿತು. ಅಬೀದಾ ಗೈಡನ್ನು ಬಿಚ್ಚಿ, ಎಣ್ಣೆ ಒರೆಸಿ, ಒಂದು ನೀಲಿ ಬಟ್ಟೆಯ ಚೂರಿನಲ್ಲಿ ಸುತ್ತಿ ಅವನ ಕೈಗಿಟ್ಟಳು.

“ನಮ್ಮ ಅಮ್ಮೀಗೆ ನಾಕ ಸಲ ಚುಚ್ಚಿದ್ರು ಭಾಯ್. ಆವಾಗ ಇದು ಇದ್ದಿದ್ದಿಲ್ಲ. ಹೋಗ್ರಿ, ಲಗೂ ಹೋಗ್ರಿ.”

ಬರುವಾಗ ಮಾಲತೇಶ ಸ್ಕೂಟರು ಹತ್ತಲಿಲ್ಲ. ಆಟೋ ಹಿಡಿದು, ಎರಡೂ ಅಂಗೈಗಳ ನಡುವೆ ಗೈಡನ್ನು ಹಿಡಿದುಕೊಂಡು ಸೆಂಟರಿಗೆ ಬಂದ. ಬಾಗಿಲ ಬದಿಯ ಬೆಂಚಿನ ಮೇಲೆ ಉಡಚವ್ವ ಮಗನ ಹೆಗಲಿಗೆ ಒರಗಿ ಕೂತಿದ್ದಳು. ತಡವಾಯಿತೆಂದು ಬೈಯಲಿಲ್ಲ. ಬಂದಿಯೇನಪಾ ಎಂದಷ್ಟೇ ಕೇಳಿದಳು. ಗೈಡನ್ನು ಸಾಬೂನು ಹಚ್ಚಿ ನಾಲ್ಕು ಸಲ ತಿಕ್ಕಿ ತೊಳೆದು, ಕುಕ್ಕರಿನಂಥ ಆಟೋಕ್ಲೇವಿನಲ್ಲಿಟ್ಟು, ಅದು ಉಗಿಯಲ್ಲಿ ಬೆಂದು ಶುದ್ಧವಾಗುವವರೆಗೂ ಮಾಲತೇಶ ಅದರ ಮುಂದಿನಿಂದ ಕದಲಲಿಲ್ಲ. ಇನ್ನು ಇದು ತನ್ನ ಕಣ್ಣು ತಪ್ಪಿಸಿ ಎಲ್ಲಿಗೂ ಹೋಗಕೂಡದು ಎಂದು ಮನಸ್ಸಿನಲ್ಲೇ ಶಪಥ ಮಾಡಿದ.

ಒಂದು ಗಂಟೆಗೆ ಉಡಚವ್ವ ಮಂಚ ಏರಿದಳು. ಡಾಕ್ಟರ್ ಕರುಣಾ ಗೈಡನ್ನು ಪ್ರೋಬಿಗೆ ಸಿಕ್ಕಿಸಿ ತಿರುಪು ತಿರುಗಿಸಿದರು. ಪರದೆಯ ಮೇಲೆ ಚುಕ್ಕಿಗೆರೆ ಮೂಡಿತು. ಗೆರೆಯ ತುದಿಗೆ ಸರಿಯಾಗಿ ಗಂಟು ಬಂತು. ಸೂಜಿ ಇಳಿಯಿತು, ಟಪ್ ಎಂದು ಒಂದು ಸದ್ದಾಯಿತು, ಸೂಜಿ ಹೊರಗೆ ಬಂತು. ಎರಡು ತಿಂಗಳಿಂದ ಆಗದಿದ್ದದ್ದು ಒಂದು ನಿಮಿಷದಲ್ಲಿ ಆಗಿಹೋಯಿತು. ತಟ್ಟೆಯಲ್ಲಿದ್ದ ಹಸಿ ಬ್ಯಾಂಡೇಜು ಬಟ್ಟೆಯ ಮೇಲೆ ಡಾಕ್ಟರು ಸೂಜಿಯ ತುದಿಯಿಂದ ಒಂದು ಬಿಳಿಯ ಎಳೆ ಇಳಿಸಿದರು. ಶಾವಿಗೆಯ ಎಳೆಯಷ್ಟೂ ದಪ್ಪವಿರಲಿಲ್ಲ. ಅದನ್ನು ಹಾಕಿ ಲ್ಯಾಬಿಗೆ ಕಳಿಸುವ ದ್ರಾವಣದ ಬಾಟಲಿ ಮೇಜಿನ ಮೇಲೆ ಸಿದ್ಧವಿತ್ತು.

“ಮುಗೀತೇನ?” ಎಂದಳು ಉಡಚವ್ವ ನಂಬದೆ. ಮಾಲತೇಶನಿಗೆ ಕಣ್ಣು ತುಂಬಿ ಬಂದವು.

ಅಷ್ಟರಲ್ಲಿ ಆಚೆಯ ಕೋಣೆಗೆ ಗರ್ಭಿಣಿಯೊಬ್ಬಳನ್ನು ತುರ್ತಾಗಿ ಕರೆತಂದರು. ಡಾಕ್ಟರು ಕೈಗವಸು ಬಿಚ್ಚುತ್ತ ಹೊರಟರು. ಬಾಗಿಲಲ್ಲಿ ತಿರುಗಿ, ತಟ್ಟೆಯ ಕಡೆ ಗದ್ದದಿಂದಲೇ ತೋರಿಸಿ, “ಮಾಲತೇಶ, ಅದನ್ನ ಜ್ವಾಕಿಲೆ ತಗದಿಡ್ರಿ,” ಎಂದರು.

ಬೆಳಗಿನಿಂದ ಅವನ ತಲೆಯಲ್ಲಿ ಜೋಪಾನ ಮಾಡಬೇಕಾದ ‘ಅದು’ ಅಂದರೆ ಒಂದೇ ಒಂದು. ತಟ್ಟೆಯ ಮಗ್ಗುಲಲ್ಲೇ ಅದು ಹೊಳೆಯುತ್ತ ಬಿದ್ದಿತ್ತು. ಅವನು ಗೈಡನ್ನು ಎತ್ತಿಕೊಂಡು ತೊಳೆದ, ಒರೆಸಿದ, ತಿರುಪು ಗಟ್ಟಿ ಇದೆಯೋ ಇಲ್ಲವೋ ನೋಡಿದ, ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಆಮೇಲೆ ಹನ್ನೆರಡು ವರ್ಷದ ರೂಢಿಯಂತೆ ತಟ್ಟೆಯಲ್ಲಿದ್ದ ಹಸಿ ಬಟ್ಟೆಗಳನ್ನೆಲ್ಲ ಒಟ್ಟುಮಾಡಿ ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಸುರಿದು, ತಟ್ಟೆಯನ್ನು ಲಕಲಕ ಹೊಳೆಯುವಂತೆ ತಿಕ್ಕಿಟ್ಟ.

ಮೂರು ಗಂಟೆಗೆ ಡಾಕ್ಟರು ಬಂದು, ಲ್ಯಾಬಿಗೆ ಕಳಿಸಬೇಕಾದ ಸ್ಯಾಂಪಲ್ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಅಲ್ಲಾಡಿಸಿ ಮತ್ತೆ ಹಿಡಿದರು. ಬಾಟಲಿಯಲ್ಲಿ ದ್ರಾವಣವಿತ್ತು, ಬೇರೆ ಏನೂ ಇರಲಿಲ್ಲ.

“ಪೀಸ್ ಎಲ್ಲೈತ್ರಿ?”

ಮಾಲತೇಶ ಬಕೆಟ್ಟಿನ ಕಡೆ ನೋಡಿದ. ಡಾಕ್ಟರೂ ನೋಡಿದರು. ಅವನು ಓಡಿಹೋಗಿ ಬರಿಗೈಯನ್ನೇ ಅದರಲ್ಲಿ ಅದ್ದಿ ಒಂದೊಂದೇ ಬಟ್ಟೆ ಬಿಡಿಸಿ ನೋಡತೊಡಗಿದಾಗ ಡಾಕ್ಟರು ಅವನ ತೋಳು ಹಿಡಿದು ನಿಲ್ಲಿಸಿದರು. ಸಿಕ್ಕರೂ ಅದು ಇನ್ನು ಯಾತಕ್ಕೂ ಬರುವುದಿಲ್ಲ, ಇವತ್ತೇ ಮತ್ತೆ ಚುಚ್ಚುವಂತೆಯೂ ಇಲ್ಲ ಎಂದರು. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ನಾನು ಹೇಳುತ್ತೇನೆ ಅವಳಿಗೆ ಎಂದರು. ಬೇಡ, ಮಾತು ಕೊಟ್ಟವನು ನಾನು ಎಂದು ಮಾಲತೇಶ ಹೊರಗೆ ಬಂದ.

ಎರಡು ತಾಸು ಮಲಗಿ ಎದ್ದ ಉಡಚವ್ವ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದಳು. ಸೂಜಿಗೆ ಹೆದರಿ ಅಳುತ್ತಿದ್ದ ಇನ್ನೊಬ್ಬ ಹೆಂಗಸಿಗೆ, ಹೆದರಬೇಡ, ಒಳಗೆ ನಮ್ಮ ಹುಡುಗ ಇದ್ದಾನೆ, ಆಡಿದ ಮಾತು ನಡೆಸುತ್ತಾನೆ ಎಂದು ಧೈರ್ಯ ಹೇಳುತ್ತಿದ್ದಳು. ಇವನನ್ನು ಕಂಡು ಅರ್ಧ ರೊಟ್ಟಿ ಮುರಿದು, ಮೇಲೆ ಶೇಂಗಾ ಚಟ್ನಿ ಹಾಕಿ, ಕೈ ಹಿಡಿದು ಕೊಟ್ಟಳು. ಅವನು ಅದನ್ನು ಹಿಡಿದುಕೊಂಡೇ ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ. ಕೊರಿಯರಿನ ಸುಳ್ಳನ್ನೂ, ಇನ್ನೊಮ್ಮೆ ಚುಚ್ಚಬೇಕಾಗುತ್ತದೆ ಎಂಬುದನ್ನೂ ಬಿಡಲಿಲ್ಲ.

ಉಡಚವ್ವ ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ಬುತ್ತಿಯಲ್ಲಿಟ್ಟಳು.

“ಹಂಗಾರ ನೀ ಜ್ವಾಕಿಲೆ ತಗದಿಟ್ಟದ್ದು ಏನಪಾ?”

“ಗೈಡ್, ಯವ್ವಾ. ಕೀಲಿ ಹಾಕಿ ಇಟ್ಟೇನಿ.”

ಅವಳು ಹೂಂ ಎಂದಳು. ಬುತ್ತಿಯನ್ನು ಕಟ್ಟಿ, ಸೆರಗು ಹೊದ್ದುಕೊಂಡು ಎದ್ದು, ಉಪ್ಪಿನಬೆಟಗೇರಿಗೆ ಮುಂದಿನ ಬಸ್ಸು ಎಷ್ಟಕ್ಕೆ ಎಂದು ಮಗನನ್ನು ಕೇಳಿದಳು.