ಎಬ್ಬಣ್ಣನ ಬಲಗೈ

ಒಂದು ಮೇಣದಬತ್ತಿ ಹಚ್ಚಲು ಮನುಷ್ಯನಿಗೆ ಎಷ್ಟು ಬೆಂಕಿಪೆಟ್ಟಿಗೆ ಬೇಕು? ಆ ಶನಿವಾರ ಬೆಳಿಗ್ಗೆ ಹಂಗಾರಕಟ್ಟೆಯ ಚಂದಯ್ಯನ ಅಂಗಡಿಯಲ್ಲಿ ಎಬ್ಬಣ್ಣ ಕೇಳಿದ್ದು ಆರು.

“ಎಂತ ಎಬ್ಬಣ್ಣ, ಊರಿಗೆ ಕಿಚ್ಚ್ ಹಾಕುಕಾ?” ಎಂದು ಚಂದಯ್ಯ ನಕ್ಕ.

“ಹೀಂಗೇ, ಬೇಕಿತ್ತ್,” ಎಂದು ಎಬ್ಬಣ್ಣ ಎಡಗೈಯಲ್ಲಿ ಪೊಟ್ಟಣ ಹಿಡಿದು ಹೊರಟ. ಬಲಗೈ ಜೇಬಿನಿಂದ ಹೊರಗೆ ಬರಲಿಲ್ಲ. ಮುಖದಲ್ಲಿ ನಗುವೂ ಬರಲಿಲ್ಲ. ಚಂದಯ್ಯ ಇದನ್ನು ನೋಡಿದ. ಬಂದ ಗಿರಾಕಿಗಳಿಗೆಲ್ಲ ಹೇಳಿದ.

ಎಬೆನೇಜರ್ ಸೋನ್ಸ್, ಊರವರ ಬಾಯಲ್ಲಿ ಎಬ್ಬಣ್ಣ, ನಲವತ್ತು ವರ್ಷ ದೋಣಿಗಳ ಮೂತಿಗೆ ಬಣ್ಣದಲ್ಲಿ ಹೆಸರು ಬರೆದವನು. ಎರಡು ವರ್ಷದಿಂದ ಅವನ ಬಲಗೈ ಬಲೆಗೆ ಬಿದ್ದ ಬಂಗುಡೆಯ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದು ಹೆಂಡತಿ ಸಲೋಮಿ ಒಬ್ಬಳಿಗೇ ಗೊತ್ತಿತ್ತು. ಅವಳು ಜುಲೈಯಲ್ಲಿ ತೀರಿಹೋದಳು. ಆಮೇಲೆ ಎಬ್ಬಣ್ಣ ‘ಕಣ್ಣು ಮಂಜು’ ಎಂದು ಸುಳ್ಳು ಹೇಳಿ ಕುಂಚ ಕೆಳಗಿಟ್ಟ.

ಈಗ ಚರ್ಚಿನ ಅಯ್ಯನವರು ಚೀಟಿ ಕಳಿಸಿದ್ದರು. ನಾಳೆ ಆಗಮನ ಕಾಲದ ಮೊದಲ ಭಾನುವಾರ. ಕ್ರಿಸ್ಮಸ್ಸಿಗೆ ಕಾಯುವ ನಾಲ್ಕು ವಾರಗಳ ಮೊದಲ ಮೇಣದಬತ್ತಿಯನ್ನು ಸಭೆಯ ಹಿರಿಯರಾದ ಎಬೆನೇಜರರೇ ಹಚ್ಚಬೇಕು.

ಎಬ್ಬಣ್ಣ ಬಾಗಿಲಿಗೆ ಚಿಲಕ ಹಾಕಿ ಅಭ್ಯಾಸಕ್ಕೆ ಕುಳಿತ. ಕಡ್ಡಿ ಗೀರಿದರೆ ಬೆಂಕಿ ಬತ್ತಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿ ಬೆರಳನ್ನು ಸುಟ್ಟು ಆರುತ್ತಿತ್ತು. ಎರಡು ಪೆಟ್ಟಿಗೆ ಮುಗಿಯಿತು. ಮೂರನೆಯದರ ನಡುವಿನಲ್ಲಿ ಒಂದು ಕಡ್ಡಿ ಕೈಜಾರಿ, ಕುಂಚ ತೊಳೆಯುವ ಟರ್ಪೆಂಟೈನ್ ಒರೆಸಿಟ್ಟ ಹಳೆ ಬಟ್ಟೆಯ ಮೇಲೆ ಬಿತ್ತು. ಬತ್ತಿಗೆ ಹತ್ತದ ಬೆಂಕಿ ಬಟ್ಟೆಗೆ ನೆಂಟರ ಮನೆಗೆ ಬಂದಷ್ಟು ಖುಷಿಯಲ್ಲಿ ಹತ್ತಿಕೊಂಡಿತು.

ಪಕ್ಕದ ಮನೆಯ ವನಜ ಆಗಷ್ಟೇ ಮೀನು ಮಾರಿ ಬಂದಿದ್ದಳು. ಚಂದಯ್ಯ ಹಬ್ಬಿಸಿದ ಸುದ್ದಿ ಕಿವಿಗೆ ಬಿದ್ದಿತ್ತು. ಈಗ ಹೊಗೆ ಮೂಗಿಗೆ ಬಿತ್ತು.

“ಹ್ವಾಯ್! ಎಬ್ಬಣ್ಣ! ಬಾಗ್ಲ್ ತೆಗಿನಿ! ಓಡಿ ಬನ್ನಿ ಮಾರಾಯ್ರೆ!”

ದೋಣಿ ಕಟ್ಟುವ ರತ್ನಾಕರ ಓಡಿಬಂದು ಭುಜ ಕೊಟ್ಟ. ಚಿಲಕ ಕಿತ್ತು ಬಂತು. ಉರಿಯುವ ಬಟ್ಟೆಯನ್ನು ಎಬ್ಬಣ್ಣ ಅಷ್ಟರಲ್ಲಿ ತುಳಿದು ಆರಿಸಿದ್ದ. ಆದರೂ ವನಜ ಬುಟ್ಟಿಯ ತಳದಲ್ಲಿದ್ದ ಐಸ್ ಕರಗಿದ ನೀರನ್ನು ಅವನ ತಲೆಯ ಮೇಲೆ ಸುರಿದಳು. ನೀರಿನ ಜೊತೆ ಎರಡು ಬೈಗೆ ಮೀನೂ ಬಂದವು.

“ಸಲೋಮಕ್ಕ ಹೋದ್ರ್ ಅಂದೇಳಿ ನೀವೂ ಹೋಪುದಾ? ನಾವೆಲ್ಲ ಇಪ್ಪುದ್ ಎಂತಕ್ಕೆ?” ಅವಳು ಅಳುತ್ತಲೇ ಬೈದಳು.

“ಸಾಯುಕಲ್ಲ ವನಜ. ನಾಳೆ ಚರ್ಚಲ್ಲಿ ಮೇಣದಬತ್ತಿ ಹಚ್ಚುಕೆ ಅಯ್ಯನವ್ರ್ ಹೇಳಿದ್ರ್, ಅದನ್ನೇ ಕಲೀತಾ ಇದ್ದೆ.”

“ಎಪ್ಪತ್ತ್ ವರ್ಷದ್ ಗಂಡ್ಸ್ ಬತ್ತಿ ಹಚ್ಚುದ್ ಕಲಿಯುದಾ? ಸುಳ್ಳ್ ಹೇಳ್ಬೇಡಿ!” ಎಂದು ರತ್ನಾಕರ ಉಳಿದ ಬೆಂಕಿಪೆಟ್ಟಿಗೆಗಳನ್ನು ಜೇಬಿಗೆ ತುಂಬಿಕೊಂಡ.

ಇನ್ನು ಬೇರೆ ದಾರಿ ಇರಲಿಲ್ಲ. ಎಬ್ಬಣ್ಣ ಬಲಗೈಯನ್ನು ಅವರಿಬ್ಬರ ಮುಂದೆ ಚಾಚಿದ. ಕೈ ತನ್ನ ಕೆಲಸ ತಾನು ಮಾಡಿತು.

“ಮತ್ತೆ ಹೋದ ವರ್ಷ ನನ್ನ ದೋಣಿಗೆ ಬರ್ದದ್ದ್ ಹ್ಯಾಂಗೆ?” ರತ್ನಾಕರನ ದನಿ ಇಳಿದಿತ್ತು.

“ಸಲೋಮಿ ಬಣ್ಣದ್ ಡಬ್ಬಿ ಹಿಡ್ಕಂಡ್ ನಿಂತಿದ್ಲಲ್ಲ? ಇನ್ನೊಂದ್ ಕೈಯಲ್ಲಿ ನನ್ನ ಮಣಿಕಟ್ಟ್ ಹಿಡ್ದಿದ್ಲ್. ನೀವ್ ಯಾರೂ ಕಾಣ್ಲಿಲ್ಲೆ.”

ವನಜ ಆ ಕೈಯನ್ನು ತನ್ನ ಮೀನುನಾತದ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅದು ಅಲ್ಲಿಯೂ ನಡುಗಿತು. “ಅಯ್ಯನವ್ರಿಗೆ ಹೇಳ್ಬಿಡಿ. ಆತಿಲ್ಲೆ ಅಂದ್ರೆ ನಿಮ್ಮ ದೇವ್ರ್ ಬೈತ್ರಾ?”

ಬೈಯುವುದಿಲ್ಲವೆಂದು ಕಳೆದ ಭಾನುವಾರವಷ್ಟೇ ಅಯ್ಯನವರು ಪ್ರಸಂಗ ಮಾಡಿದ್ದರು. ದೇವರು ಹಸುಗೂಸಾಗಿ ಹುಲ್ಲಿನ ಮೇಲೆ ಮಲಗಲು ನಾಚಲಿಲ್ಲ. ನಮ್ಮ ಕೈಲಾಗದ್ದನ್ನು ಹೇಳಲು ನಮಗೇಕೆ ನಾಚಿಕೆ ಎಂದಿದ್ದರು. ಎಬ್ಬಣ್ಣ ಮಿಂದು, ಬಿಳಿ ಅಂಗಿ ತೊಟ್ಟು ಸಂಜೆ ಹೊರಟ. ನಡುದಾರಿಯಲ್ಲಿ ಮನಸ್ಸು ಬದಲಿಸಿಯಾನೆಂದು ವನಜ ಅಯ್ಯನವರ ಮನೆಯ ಗೇಟಿನವರೆಗೂ ಬಂದಳು.

ಅಯ್ಯನವರು ಜಗಲಿಯಲ್ಲಿ ಕೂರಿಸಿದರು. ಎಬ್ಬಣ್ಣ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ.

“ನನ್ ಕೈಲಿ ಆತಿಲ್ಲೆ ಅಯ್ಯ. ಕೈ ನಡ್ಗತ್ತ್. ದೇವ್ರ್ ಕೊಟ್ಟದ್ದ್ ಇಷ್ಟೇ ಅಂದೇಳಿ ಇವತ್ತ್ ಒಪ್ಕಂಡೆ. ಬತ್ತಿ ಬೇರೆಯವ್ರಿಗೆ ಕೊಡಿ.” ಹೇಳುವಾಗ ಕಣ್ಣೀರು ಬಂತು. ಹೇಳಿ ಮುಗಿದಾಗ, ಎರಡು ವರ್ಷ ಹೊತ್ತ ಮೂಟೆ ಇಳಿದಂತೆ ಎದೆ ಹಗುರಾಯಿತು.

ಅಯ್ಯನವರು ಅವನ ಬೆನ್ನು ತಟ್ಟಿದರು. “ಬಹಳ ಸಂತೋಷ! ಸೇವೆಗಾಗಿ ಕಣ್ಣೀರು ಹಾಕುವವರು ಈಗ ಎಲ್ಲಿದ್ದಾರೆ? ಹಾಗಾದರೆ ಬತ್ತಿಯ ಜೊತೆಗೆ, ಕರ್ತನ ಭೋಜನಕ್ಕೆ ಸಭೆಗೆಲ್ಲ ಹಂಚುವ ದ್ರಾಕ್ಷಾರಸದ ಲೋಟಗಳ ತಟ್ಟೆಯನ್ನೂ ನೀವೇ ಹಿಡಿಯಿರಿ.”

ಎಬ್ಬಣ್ಣ ತಟ್ಟನೆ ತಲೆ ಎತ್ತಿದ. “ಗಾಜಿನ ಲೋಟದ್ ತಟ್ಟೆಯಾ? ಅಯ್ಯ, ಎಷ್ಟ್ ಲೋಟ ಅದ್ರಲ್ಲಿ?”

ಅಯ್ಯನವರು ಎಡಗಿವಿಯ ಹಿಂದೆ ಅಂಗೈ ಇಟ್ಟರು. ಮರುಕ್ಷಣ ಬೆಚ್ಚಿ, ಕೂದಲು ಸರಿಮಾಡಿಕೊಳ್ಳುವವರಂತೆ ಕೈ ಇಳಿಸಿ ನಕ್ಕರು. “ಚಹಾ ತಾನೇ? ಈಗಲೇ ತರುತ್ತೇನೆ.”

ಎಬ್ಬಣ್ಣನಿಗೆ ಎಲ್ಲ ತಿಳಿಯಿತು. ಅವರಿಗೆ ಕಿವಿ ಕೇಳುವುದಿಲ್ಲ. ಅದನ್ನು ಯಾರಿಗೂ ಹೇಳಿಲ್ಲ. ಬೆಚ್ಚಿ ಕೈ ಅಡಗಿಸುವ ಆ ಅವಸರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೂಗಿ ಹೇಳಬಹುದಿತ್ತು, ಆದರೆ ಗೇಟಿನಲ್ಲಿ ವನಜ ಇದ್ದಳು, ಬೇಲಿಯಾಚೆ ಅರ್ಧ ಊರು ಇತ್ತು. ಬೆಳಿಗ್ಗೆ ತನ್ನ ಗುಟ್ಟು ಒಡೆದ ಉರಿ ಅವನಿಗಿನ್ನೂ ಆರಿರಲಿಲ್ಲ, ಅಯ್ಯನವರದ್ದೂ ಹಾಗೆ ಒಡೆಯುವುದು ಬೇಡವೆನಿಸಿತು. ಬಾಯಿ ತೆರೆದವನು ಮುಚ್ಚಿಕೊಂಡ.

ಅಯ್ಯನವರು ಅಂಚಿನವರೆಗೆ ಚಹಾ ತುಂಬಿದ ಕಪ್ಪನ್ನು ಬಸಿಯ ಮೇಲಿಟ್ಟು, ಪ್ರೀತಿಯಿಂದ ಅವನ ಬಲಗೈಗೇ ಕೊಟ್ಟರು. ಕಪ್ಪು ಬಸಿಯ ಮೇಲೆ ಕಟಕಟ ಕುಣಿಯತೊಡಗಿತು. ಗೇಟಿನಲ್ಲಿದ್ದ ವನಜಳಿಗೆ ಕೇಳಿಸಿತು. ರಸ್ತೆಯಲ್ಲಿ ಹೋಗುವವರಿಬ್ಬರು ನಿಂತು ತಿರುಗಿ ನೋಡಿದರು. ಅಯ್ಯನವರು ಮಾತ್ರ ಎದುರಿನಲ್ಲಿ ಕಣ್ಣು ಮುಚ್ಚಿ, ನಾಳೆಯ ಆರಾಧನೆಗಾಗಿ ಶಾಂತವಾಗಿ ಪ್ರಾರ್ಥಿಸುತ್ತಿದ್ದರು.