ಸುರಪುರದ ಗುರಿಕಾರ

ಬಸವಂತ್ರಾಯನನ್ನು ಹಳ್ಳಕ್ಕೆ ತಳ್ಳಿದ್ದು ಒಂದೇ ಒಂದು ‘ಹೌದ್ರಿ’.

ಶಹಾಪುರದ ತಹಶೀಲು ಕಚೇರಿಯಲ್ಲಿ ಅವನು ಕಾರಕೂನ. ಸಾಹೇಬರು ಏನು ಕೇಳಿದರೂ ಮೊದಲು ‘ಹೌದ್ರಿ’ ಅನ್ನುವುದು, ಅವರು ಕೇಳಿದ್ದೇನೆಂದು ಆಮೇಲೆ ಯೋಚಿಸುವುದು ಆ ಕಚೇರಿಯ ರಿವಾಜು. ನಿಜಾಮರ ಸರಕಾರ ಹಾಗೇ ನಡೆದು ಬಂದಿತ್ತು, ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ. ಆ ಗುರುವಾರ ಸಂಜೆ ಬಸವಂತ್ರಾಯ ಹೊಸ ತಹಶೀಲ್ದಾರ ಸಾಹೇಬರ ಮುಂದೆ ಕೈಕಟ್ಟಿ ನಿಂತು, ತನ್ನನ್ನು ಸುರಪುರಕ್ಕೆ ವರ್ಗ ಮಾಡಬೇಕೆಂದು ಬೇಡಿಕೊಂಡ.

ಬೇಡಿಕೊಳ್ಳಲು ಕಾರಣವಿತ್ತು. ಅವನ ಮುದಿ ತಾಯಿ ಸುರಪುರ ಬಿಟ್ಟು ಬರುವವಳಲ್ಲ, ಹೆಂಡತಿ ಹಣಮಂತಮ್ಮ ಅತ್ತೆಯನ್ನು ಬಿಟ್ಟು ಬರುವವಳಲ್ಲ, ಹಾಲು ಕುಡಿಯುವ ಮಗಳು ತಾಯಿಯನ್ನು ಬಿಟ್ಟು ಬರುವಂತಿಲ್ಲ. ಶುಕ್ರವಾರದ ರಜೆಗೆ ಅವನು ಊರಿಗೆ ಹೋದರೆ ಮಗು ಕಳ್ಳನನ್ನು ಕಂಡಂತೆ ಚೀರುತ್ತಿತ್ತು. ಸಂಜೆಯ ಹೊತ್ತಿಗೆ ಹೇಗೋ ಅವನ ಮೂಗು ಹಿಡಿದು ಆಡುವಷ್ಟು ಸಲಿಗೆ ಬರುತ್ತಿತ್ತು. ಅಷ್ಟರಲ್ಲಿ ಅವನು ಹೊರಡಬೇಕು. “ಕೂಸು ನಿಮ್ಮ ಮಾರಿ ಗುರುತು ಹಿಡಿಯೂದ್ರಾಗ ನೀವು ಹೊಂಟಿರ್ತೀರಿ” ಎಂದು ಹಣಮಂತಮ್ಮ ಕಳೆದ ವಾರ ಅಂದಿದ್ದಳು. ಆ ಮಾತು ಅವನನ್ನು ವಾರವಿಡೀ ಚುಚ್ಚುತ್ತಲೇ ಇತ್ತು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದರು.

“ಸುರಪುರದವನೇನು ನೀನು? ಸುರಪುರದ ಮಂದಿಗೆ ಬಂದೂಕು ಅಂದ್ರ ಆಟದ ಸಾಮಾನು ಅಂತ ಹೈದರಾಬಾದಿನಾಗ ಕೇಳೀನಿ. ನಿನಗೂ ಬರ್ತದಲ್ಲಾ?”

“ಹೌದ್ರಿ” ಅಂದ ಬಸವಂತ್ರಾಯ.

ಸುರಪುರದಲ್ಲಿ ಗುರಿಕಾರರಿಗೆ ಬರವಿಲ್ಲ, ಅದು ಖರೆ. ಆದರೆ ಬಸವಂತ್ರಾಯನ ವಂಶದಲ್ಲಿ ಸೊಳ್ಳೆ ಬಿಟ್ಟು ಬೇರೇನನ್ನೂ ಯಾರೂ ಹೊಡೆದಿರಲಿಲ್ಲ. ಅವನಪ್ಪ ಲೆಕ್ಕ ಬರೆಯುವವನು, ಅಜ್ಜ ಪಂಚಾಂಗ ಓದುವವನು. ಈ ಸಂಗತಿಯನ್ನು ಹೇಳಬೇಕೆಂದು ಅವನು ಬಾಯಿ ತೆರೆಯುವುದರೊಳಗೆ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟಿದ್ದರು.

“ನಾಳಿ ಸಂಜಿಗಿ ಯಾದಗಿರಿಯಿಂದ ನನ್ನ ದೋಸ್ತರು ಬರ್ತಾರ. ಗಾಳ್ಯಾಗ ಮಣ್ಣಿನ ತಟ್ಟಿ ಹಾರಿಸಿ ಬಂದೂಕಿನಿಂದ ಹೊಡಿಯೂ ಆಟ ಅದ, ದೊಡ್ಡ ದೊಡ್ಡ ನವಾಬರು ಆಡ್ತಾರ. ನನ್ನ ಕಚೇರಿಯಾಗ ಸುರಪುರದ ಗುರಿಕಾರ ಒಬ್ಬ ಇದ್ದಾನ ಅಂತ ಅವರಿಗಿ ತೋರಸ್ತೀನಿ. ಐದರಾಗ ಮೂರು ತಟ್ಟಿ ಒಡದಿ ಅಂದ್ರ, ಅಲ್ಲೇ ನಿಂತು ನಿನ್ನ ವರ್ಗದ ಹುಕುಂಗೆ ದಸ್ತಖತ್ ಹಾಕ್ತೀನಿ. ಬೆಳಿಗ್ಗಿ ಬಂದೂಕು ತೊಗೊಂಡು ಹೋಗಿ ಕೈ ಸಡಿಲ ಮಾಡ್ಕೊ.”

ಹೀಗೆ ಆ ಶುಕ್ರವಾರ ಬಸವಂತ್ರಾಯ ಮಗಳ ಕಡೆ ಹೋಗುವ ಬದಲು ಹೆಗಲ ಮೇಲೆ ಜೋಡುನಳಿಗೆ ಬಂದೂಕು ಹೊತ್ತುಕೊಂಡು ಗುಡ್ಡದ ಕಡೆ ನಡೆದ. ಜೊತೆಗೆ ತಟ್ಟೆ ಎಸೆಯುವುದಕ್ಕೆ ಕಚೇರಿಯ ಜವಾನ ಮೌಲಾಲಿ, ತಟ್ಟೆಯ ಬುಟ್ಟಿ ಹೊತ್ತುಕೊಂಡು ಕುಂಬಾರ ಮರಿಲಿಂಗಪ್ಪ.

ಮರಿಲಿಂಗಪ್ಪನ ಮನೆಯ ಮುಂದಿನ ಕೋಣೆಯಲ್ಲೇ ಬಸವಂತ್ರಾಯ ಬಾಡಿಗೆಗಿದ್ದ. ತಟ್ಟೆಗಳನ್ನು ಸಾಹೇಬರು ಹದಿನೈದು ದಿನ ಮೊದಲೇ ಅವನಿಗೆ ಹೇಳಿ ಮಾಡಿಸಿದ್ದರು. ಅಂದಿನಿಂದ ಮರಿಲಿಂಗಪ್ಪನ ಮುಖ ಊದಿಕೊಂಡೇ ಇತ್ತು.

“ಇಷ್ಟು ವರ್ಷ ಚಕ್ರ ತಿರುಗಿಸೀನಿ” ಅಂದ ದಾರಿಯಲ್ಲಿ. “ಅಡಿಗಿಗಿ ಗಡಗಿ ಬೇಕು ಅಂತ ಬಂದಾರ, ನೀರಿಗಿ ಕೊಡ ಬೇಕು ಅಂತ ಬಂದಾರ. ಒಡಿಯಾಕ ತಟ್ಟಿ ಬೇಕು ಅಂತ ಯಾರೂ ಬಂದಿದ್ದಿಲ್ಲ. ಏನು ಕಾಲ ಬಂತಪಾ.”

“ಸಾಹೇಬರ ಶೋಕಿ, ಮಾಡೂದೇನು” ಅಂದ ಬಸವಂತ್ರಾಯ.

ಗುಡ್ಡದ ಬುಡದಲ್ಲಿ ಕೆರೆಯ ಮರಳು ಹಾಸಿಗೆಯಂತೆ ಮೆತ್ತಗೆ ಹರಡಿತ್ತು. ಮೌಲಾಲಿ ಬಂಡೆಯ ಹಿಂದೆ ಅವಿತು ನಿಂತ. ಬಸವಂತ್ರಾಯನಿಗೆ ಬಂದೂಕನ್ನು ಭುಜಕ್ಕೆ ಆನಿಸಬೇಕು ಎಂಬುದೊಂದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಮೊದಲ ತಟ್ಟೆ ಆಕಾಶಕ್ಕೆ ಚಿಮ್ಮಿತು. ಅದು ಎಲ್ಲಿ ತನ್ನ ತಲೆಯ ಮೇಲೇ ಬೀಳುತ್ತದೋ ಎಂಬ ಹೆದರಿಕೆಗೆ ಅವನು ಎರಡೂ ಕಣ್ಣನ್ನು ಹೋಳಿಗೆಯಷ್ಟು ಅಗಲ ಮಾಡಿ, ಅದು ಹೋದ ಕಡೆಯೆಲ್ಲ ನಳಿಗೆಯನ್ನೂ ಒಯ್ದು, ಅದರ ಮುಂದೆ ಹಾಯ್ದು ಬಂದೂಕಿನ ಕುದುರೆ ಎಳೆದ. ಢಂ ಎಂದಿತು. ತಟ್ಟೆ ಗಾಳಿಯಲ್ಲಿ ಒಂದು ಸಣ್ಣ ಎಡವು ಎಡವಿದಂತೆ ಕಂಡು, ಮೆಲ್ಲಗೆ ಇಳಿದು ಮರಳಿನಲ್ಲಿ ಕೂತಿತು. ಒಡೆದಿರಲಿಲ್ಲ.

ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಮರಿಲಿಂಗಪ್ಪ ಓಡಿಹೋಗಿ ಬಿದ್ದ ತಟ್ಟೆಯನ್ನು ಎತ್ತಿ, ಧೂಳು ಒರೆಸಿ, ಒಂದರ ಮೇಲೊಂದು ಜೋಡಿಸಿ ಇಡುತ್ತಿದ್ದ. ಒಂದೊಂದು ತಟ್ಟೆಗೂ ಅವನ ಮುಖದ ಊತ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು.

ಬಂದೂಕಿನ ಸದ್ದು ಶಹಾಪುರದ ತುಂಬ ಕೇಳಿತು. ರಜೆಯ ದಿನ, ಜನಕ್ಕೆ ಬೇರೆ ಕೆಲಸವಿರಲಿಲ್ಲ. ಮೊದಲು ಬಂದವನು ಬಾಷುಮಿಯಾ. ಫೌಜಿನಲ್ಲಿದ್ದು ಬಂದವನೆಂದು ಅವನಿಗೆ ಊರಲ್ಲಿ ದೊಡ್ಡ ಮರ್ಯಾದೆ. ಫೌಜಿನಲ್ಲಿ ಅವನು ಕುದುರೆಗಳಿಗೆ ಕಡಲೆ ನೆನೆಹಾಕುತ್ತಿದ್ದನೆಂಬುದು ಬಹಳ ಜನಕ್ಕೆ ಗೊತ್ತಿರಲಿಲ್ಲ.

“ತೋಬಾ ತೋಬಾ. ಎರಡೂ ಕಣ್ಣು ತೆರೆದು ಯಾರಾರ ಹೊಡೀತಾರೇನ್ರಿ? ಎಡಗಣ್ಣು ಮುಚ್ರಿ. ಬಂದೂಕು ಕಲ್ಲಿನಂಗ ನಿಂದ್ರಬೇಕು. ತಟ್ಟಿ ತಾನಾಗೇ ಎದುರಿಗಿ ಬರ್ತದ, ಬಂದಾಗ ಹೊಡೀರಿ.”

ಬಸವಂತ್ರಾಯ ಎಡಗಣ್ಣು ಮುಚ್ಚಿ ಕಲ್ಲಿನಂತೆ ನಿಂತ. ತಟ್ಟೆ ಎದುರಿಗೆ ಬಂತು, ಅವನು ಕುದುರೆ ಎಳೆಯುವುದರೊಳಗೆ ಹೋಗಿಯೂ ಬಿಟ್ಟಿತು. ಗುಂಡು ಬೇವಿನ ಮರದ ಕೊಂಬೆಯೊಂದನ್ನು ಕೆಡವಿತು.

ಅಷ್ಟರಲ್ಲಿ ಕಚೇರಿಯ ಹಿರಿಯ ಕಾರಕೂನ ಭಗವಂತರಾಯ ಛತ್ರಿ ಹಿಡಿದು ಬಂದ. ಅವನು ಬಂದೂಕು ಮುಟ್ಟಿದವನಲ್ಲ, ಆದರೆ ಸಲಹೆ ಕೊಡದೆ ಇದ್ದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

“ನಿಂತ ಭಂಗೀನೇ ತಪ್ಪದ. ಹಿಂದಕ್ಕ ವಾಲ್ರಿ. ಇನ್ನಾ ವಾಲ್ರಿ. ಉಸುರು ಹಿಡೀರಿ. ಕುದುರಿ ಎಳಿಯೂಕಿಂತ ಮೊದಲ ಮನಸ್ಸಿನಾಗ ಹತ್ತು ಎಣಿಸ್ರಿ.”

ಹತ್ತು ಎಣಿಸುವ ಹೊತ್ತಿಗೆ ತಟ್ಟೆ ಮರಳಿನಲ್ಲಿ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಹಿಂದಕ್ಕೆ ವಾಲಿದ ಬಸವಂತ್ರಾಯ ಬಂದೂಕಿನ ಒದೆತಕ್ಕೆ ಅಂಗಾತ ಬಿದ್ದ. ಬಿದ್ದವನನ್ನು ಎಬ್ಬಿಸುವ ಮೊದಲು, ಬಿದ್ದದ್ದು ಯಾರ ತಪ್ಪು ಎಂದು ಬಾಷುಮಿಯಾ ಮತ್ತು ಭಗವಂತರಾಯ ಜಗಳ ತೆಗೆದರು. ಒಬ್ಬ ಮೊಣಕೈ ಮೇಲೆತ್ತು ಅಂದ, ಇನ್ನೊಬ್ಬ ಕೆಳಗಿಳಿಸು ಅಂದ. ಬಸವಂತ್ರಾಯ ಒಂದು ಗುಂಡಿಗೆ ಎತ್ತಿದ, ಇನ್ನೊಂದಕ್ಕೆ ಇಳಿಸಿದ. ಬಂಡೆಯ ಹಿಂದಿನಿಂದ ಮೌಲಾಲಿ, “ರಾಯರೇ, ನನಗ ಮಕ್ಕಳು ಅವರ್ರಿ, ಸ್ವಲ್ಪ ನೋಡ್ಕೊಂಡು” ಎಂದು ಕೂಗಿದ.

ಮಧ್ಯಾಹ್ನ ಭುಜ ಊದಿಸಿಕೊಂಡು, ಕುಂಟುತ್ತ ಮನೆಗೆ ಬಂದ ಬಸವಂತ್ರಾಯ ಪಡಸಾಲೆಯಲ್ಲಿ ಕೂತುಬಿಟ್ಟ. ಮರಿಲಿಂಗಪ್ಪ ತಟ್ಟೆಗಳನ್ನು ಹೆಂಡತಿಯ ಮುಂದೆ ಇಳಿಸಿ, ಹಿಗ್ಗಿನಿಂದ ಉಣ್ಣಲು ಒಳಗೆ ಹೋದ. ಒಂದು ತಟ್ಟೆಯೂ ಮುಕ್ಕಾಗಿರಲಿಲ್ಲ.

“ನನಗ ಈ ಜನ್ಮದಾಗ ಬರೂದಿಲ್ಲವ್ವಾ” ಅಂದ ಬಸವಂತ್ರಾಯ. “ನನ್ನ ಮಗಳು ದೊಡ್ಡಾಕಿ ಆದ ಮ್ಯಾಲ, ಈ ಮುದುಕ ಯಾರು ಅಂತ ಕೇಳ್ತಾಳ.”

ಮರಿಲಿಂಗಪ್ಪನ ಹೆಂಡತಿ ಗೊಲ್ಲಾಳಮ್ಮ ತಟ್ಟೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು.

“ತಮ್ಮಾ, ಇಲ್ಲಿ ನೋಡು. ಇವಕ್ಕ ಸಿಡುಬು ಬಂದಂಗ ಆಗ್ಯಾವಲ್ಲ, ಯಾಕ?”

ಬಸವಂತ್ರಾಯ ಎದ್ದು ಬಂದು ನೋಡಿದ. ರಾಶಿಯ ತಳದಲ್ಲಿದ್ದ ತಟ್ಟೆಗಳ ಮೈತುಂಬ ತೋಟೆಯೊಳಗಿನ ಸೀಸದ ಕಾಳು, ಛರ್ರೆ, ಬಡಿದ ಸಣ್ಣ ಸಣ್ಣ ಕುಳಿ. ನಡುಮಧ್ಯಕ್ಕೇ ಬಡಿದಿತ್ತು. ಮೇಲಿದ್ದ ತಟ್ಟೆಗಳ ಮೈ ಮಾತ್ರ ಮದುಮಗಳ ಕೆನ್ನೆಯಷ್ಟು ನುಣುಪು. ತಳದವು ಬೆಳಿಗ್ಗೆ ಮೊದಲು ಹೊಡೆದವು, ಯಾರೂ ಸಲಹೆ ಕೊಡಲು ಬರುವ ಮುಂಚಿನವು.

ಅವನಿಗೆ ಎಲ್ಲ ಒಮ್ಮೆಲೇ ಹೊಳೆಯಿತು. ಏನೂ ಗೊತ್ತಿಲ್ಲದೆ ಹೊಡೆದಾಗ ಪ್ರತಿಯೊಂದೂ ತಾಗಿತ್ತು. ಕಲಿಯತೊಡಗಿದ ಮೇಲೆ ಒಂದೂ ತಾಗಿರಲಿಲ್ಲ. ಎರಡೂ ಕಣ್ಣು ತೆರೆದು, ತಟ್ಟೆಯ ಜೊತೆ ನಳಿಗೆಯನ್ನೂ ನಡೆಸಿ, ಅದಕ್ಕಿಂತ ಒಂದು ಗೇಣು ಮುಂದೆ ಹೋಗಿ, ಕೈ ನಿಲ್ಲಿಸದೆ ಹೊಡೆಯುವುದೇ ಸರಿ. ಹೆದರಿಕೆಯೇ ಅವನಿಗೆ ಅದನ್ನು ಕಲಿಸಿತ್ತು.

“ಹಂಗಾದ್ರ ಒಡೀಲಿಲ್ಲ ಯಾಕ?” ಎಂದು ತನ್ನನ್ನೇ ಕೇಳಿಕೊಂಡ.

“ಹ್ಯಾಂಗ ಒಡೀತಾವ?” ಅಂದಳು ಗೊಲ್ಲಾಳಮ್ಮ ದನಿ ತಗ್ಗಿಸಿ. “ಒಳಗ ಉಣ್ಣಾಕತ್ತಾನಲ್ಲ ನಿನ್ನ ಮಾವ, ಒಡಿಯಾಕ ಅಂತ ಕೇಳಿದ್ದು ಅವಗ ಅಪಮಾನ ಆತು. ಬೆರಳು ದಪ್ಪ ಬಡದು, ಆವಿಗ್ಯಾಗ ಎರಡೆರಡು ಸಲ ಸುಟ್ಟಾನ. ನನ್ನ ಸಾಮಾನು ಯಾವ ಗುಂಡಿಗೂ ಒಡಿಬಾರದು ಅಂತ ಹಟ.”

ಬಸವಂತ್ರಾಯ ಒಳಗೆ ಓಡಿಹೋಗಿ ಉಣ್ಣುತ್ತಿದ್ದ ಮರಿಲಿಂಗಪ್ಪನ ಮುಂದೆ ಕೈಮುಗಿದ. “ಮಾವಾ, ಸುಡಲಾರದ ಹಸೀ ತಟ್ಟಿ ಐದು ಕೊಡು, ನನ್ನ ಸಂಸಾರ ಉಳಸು.”

“ಹಸೀ ಸಾಮಾನು ನನ್ನ ಮನಿ ಹೊಸ್ತಿಲಾ ದಾಟೂದಿಲ್ಲ” ಅಂದ ಮರಿಲಿಂಗಪ್ಪ, ರೊಟ್ಟಿ ಮುರಿಯುತ್ತ. “ಸಾಹೇಬರ ಮುಂದ ಮರಿಲಿಂಗಪ್ಪನ ತಟ್ಟಿ ಪುಡಿ ಆದ್ರ, ನಾಳಿ ನನ್ನ ಕೊಡ ಯಾರು ಕೊಳ್ತಾರ?”

ಆದರೆ ಗೊಲ್ಲಾಳಮ್ಮನಿಗೆ ಕೂಸಿನ ಮಾತು ಎದೆಗೆ ನಾಟಿತ್ತು. ಗಂಡ ಉಂಡು ಮಲಗಿ ಗೊರಕೆ ಹೊಡೆಯತೊಡಗಿದ ಮೇಲೆ, ನೆರಳಿನಲ್ಲಿ ಒಣಗುತ್ತಿದ್ದ ಹಸಿ ತಟ್ಟೆಗಳಲ್ಲಿ ನೀರಾರಿದ ಐದನ್ನು ಎತ್ತಿ, ಸುಟ್ಟವುಗಳಂತೆ ಕಾಣಲೆಂದು ಕೆಮ್ಮಣ್ಣು ಬಳಿದು ಬುಟ್ಟಿಯ ಮೇಲ್ಭಾಗದಲ್ಲಿ ಜೋಡಿಸಿದಳು. ಕೆಳಗೆಲ್ಲ ಗಟ್ಟಿ ತಟ್ಟೆ. “ಐದೇ ಸಿಕ್ಕಾವ, ಜ್ವಾಕಿ. ಇವಕ್ಕ ಗಾಳಿ ಬಡದ್ರೂ ಬಿರಿತಾವ” ಅಂದಳು.

ಸಂಜೆ ಬಸವಂತ್ರಾಯ ಗುಡ್ಡದ ಕಡೆ ನಡೆದ ರೀತಿಯೇ ಬೇರೆ. ಎದೆ ಮುಂದೆ, ಮೀಸೆ ಮೇಲೆ. ಹಿಂದೆ ಮೌಲಾಲಿ, ತಲೆಯ ಮೇಲೆ ಬುಟ್ಟಿ. ದಾರಿಯಲ್ಲಿ ಬಾಷುಮಿಯಾ ಎಡಗಣ್ಣಿನ ಮಾತು ತೆಗೆದಾಗ, “ನೀವು ಸುಮ್ಕ ಕುಂದ್ರಿ ಚಾಚಾ” ಎಂದುಬಿಟ್ಟ. ಹುಟ್ಟಿದ ಮೇಲೆ ಅವನು ಯಾರಿಗೂ ಹಾಗೆ ಅಂದಿರಲಿಲ್ಲ. ಅಂದು ನೋಡಿದರೆ ಬಹಳ ಹಿತವಾಗಿತ್ತು.

ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿ ಸಾಹೇಬರು ಮತ್ತು ಯಾದಗಿರಿಯ ಇಬ್ಬರು ದೋಸ್ತರು ಕೂತಿದ್ದರು. ಊರೇ ನೆರೆದಿತ್ತು. ಸಾಹೇಬರ ಮಡಿಲಲ್ಲಿ ವರ್ಗದ ಹುಕುಂ, ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು. ಬಸವಂತ್ರಾಯ ಆ ಪೆನ್ನನ್ನು ಒಮ್ಮೆ ನೋಡಿ, ಮಗಳ ಮುಖ ನೆನೆದು, ಬಂದೂಕು ಎತ್ತಿದ.

ಮೌಲಾಲಿ ಮೇಲಿನ ತಟ್ಟೆ ಎಸೆದ. ಬಸವಂತ್ರಾಯನ ಕಣ್ಣೆರಡೂ ತೆರೆದಿದ್ದವು, ನಳಿಗೆ ತಟ್ಟೆಯ ಬೆನ್ನಟ್ಟಿ, ಹಿಡಿದು, ದಾಟಿತು. ಢಂ. ತಟ್ಟೆ ಇದ್ದ ಕಡೆ ಒಂದು ಹಿಡಿ ಧೂಳಷ್ಟೇ ಉಳಿಯಿತು. ಎರಡನೆಯದು ಧೂಳು, ಮೂರನೆಯದು ಧೂಳು. ಐದೂ ಗಾಳಿಯಲ್ಲೇ ಹಿಟ್ಟಾಗಿ ಹೋದಾಗ ಯಾದಗಿರಿಯ ದೋಸ್ತರು ಎದ್ದು ನಿಂತು ಚಪ್ಪಾಳೆ ಹೊಡೆದರು. “ನಾನೇ ಕಲಿಸೀನಿ” ಎಂದು ಬಾಷುಮಿಯಾ ಪಕ್ಕದವನಿಗೆ ಹೇಳಿದ. “ನಾನೂ” ಅಂದ ಭಗವಂತರಾಯ.

“ವಾಹ್ ಉಸ್ತಾದ್” ಎಂದು ಸಾಹೇಬರು ಓಡಿ ಬಂದು ಅವನನ್ನು ಅಪ್ಪಿಕೊಂಡರು. “ಇಷ್ಟು ಸುಲಭ ಅದ ಏನು? ತಾ ಇಲ್ಲಿ, ನಾನೂ ಒಂದು ಕೈ ನೋಡ್ತೀನಿ. ಆಮ್ಯಾಲ ದಸ್ತಖತ್.”

ಬಸವಂತ್ರಾಯ ಬುಟ್ಟಿಯೊಳಗೆ ಇಣುಕಿದ. ಬುಟ್ಟಿಯಲ್ಲಿ ಉಳಿದಿದ್ದು ಗಟ್ಟಿ ತಟ್ಟೆ ಮಾತ್ರ.

ಸಾಹೇಬರು ಕೆಟ್ಟ ಗುರಿಕಾರರೇನೂ ಅಲ್ಲ. ಮೊದಲ ಗುಂಡಿಗೇ ತಟ್ಟೆ ಗಾಳಿಯಲ್ಲಿ ಎಡವಿದ್ದನ್ನು ಬಸವಂತ್ರಾಯ ಕಣ್ಣಾರೆ ಕಂಡ. ಎಡವಿ, ಸುಧಾರಿಸಿಕೊಂಡು, ಮರಳಿನಲ್ಲಿ ಕೂತಿತು. ಸಾಹೇಬರು ಮತ್ತೆ ಹೊಡೆದರು. ಬುಟ್ಟಿ ಬರಿದಾಗುವ ತನಕ ಹೊಡೆದರು. ಒಂದೂ ಒಡೆಯಲಿಲ್ಲ. ದೋಸ್ತರು ಮೊದಲು ಕೆಮ್ಮಿದರು, ಆಮೇಲೆ ರುಮಾಲು ಬಾಯಿಗೆ ಒತ್ತಿಕೊಂಡರು. ನಿಮ್ಮ ಗುಂಡು ತಾಗಿದೆ ಸಾಹೇಬರೇ ಎಂಬ ಮಾತು ಬಸವಂತ್ರಾಯನ ನಾಲಿಗೆಯ ತುದಿಯವರೆಗೂ ಬಂತು. ಹೇಳಿದರೆ, ತನ್ನ ತಟ್ಟೆಗಳು ಹೇಗೆ ಒಡೆದವು ಎಂದೂ ಹೇಳಬೇಕು. ಅವನು ನಾಲಿಗೆ ಕಚ್ಚಿಕೊಂಡ.

ಸಾಹೇಬರು ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕುಸಿದು, ಪೆನ್ನಿಗೆ ಮೆಲ್ಲಗೆ ಮುಚ್ಚಳ ಹಾಕಿದರು.

“ಬಸವಂತ್ರಾಯ, ನಿನ್ನಂಥ ಉಸ್ತಾದನ್ನ ಸುರಪುರಕ್ಕ ಕಳಿಸಿ ನಾ ಯಾರ ಕಡಿಂದ ಕಲೀಲಿ? ಇನ್ನ ಮ್ಯಾಲ ಪ್ರತಿ ಶುಕ್ರವಾರ ಇಲ್ಲೇ ನನಗ ಕಲಸು. ನನ್ನ ಕೈಯಿಂದ ಒಂದು ತಟ್ಟಿ ಒಡದ ದಿನಾನೇ ನಿನ್ನ ವರ್ಗ.”

ಮಗಳ ಮುಖ ನೋಡಲು ಇದ್ದ ಶುಕ್ರವಾರವೂ ಹೋಯಿತು. ಆದರೂ ಬಸವಂತ್ರಾಯ ಎದೆಗುಂದಲಿಲ್ಲ. ಬೇಕಾದದ್ದು ಒಂದೇ ತಟ್ಟೆ. ಬರುವ ವಾರ ಗೊಲ್ಲಾಳಮ್ಮನ ಕೈಯಿಂದ ಇನ್ನೊಂದು ಹಸಿ ತಟ್ಟೆ ದೊರಕಿಸಿದರೆ ಆಯಿತು. ಅವನು ಮನಸ್ಸಿನಲ್ಲೇ ಮೂಟೆ ಕಟ್ಟತೊಡಗಿದ.

ಆಗ, ನಿದ್ದೆ ಮುಗಿಸಿ ತಡವಾಗಿ ಬಂದು ಮರಳಿನಲ್ಲಿ ತಟ್ಟೆ ಆರಿಸುತ್ತಿದ್ದ ಮರಿಲಿಂಗಪ್ಪ ಬಗ್ಗಿದವನು ಹಾಗೇ ನಿಂತ. ಅವನ ಕೈಗೊಂದು ಚೂರು ಸಿಕ್ಕಿತ್ತು. ಬೆರಳಲ್ಲಿ ಹಿಸುಕಿದ, ಚೂರು ಹಿಟ್ಟಾಯಿತು. ಬೆರಳಿಗೆ ಹತ್ತಿದ ಕೆಮ್ಮಣ್ಣನ್ನು ನೋಡಿದ. ಗುಂಪಿನಲ್ಲಿ ಸೆರಗು ಮುಖಕ್ಕೆಳೆದುಕೊಳ್ಳುತ್ತಿದ್ದ ಹೆಂಡತಿಯನ್ನು ನೋಡಿದ. ಕೊನೆಗೆ ಬಸವಂತ್ರಾಯನನ್ನು ನೋಡಿದ. ನೆಟ್ಟಗೆ ಸಾಹೇಬರ ಮುಂದೆ ಹೋಗಿ ಕೈಮುಗಿದ.

“ಸಾಹೇಬ್ರ, ಬರೂ ವಾರದ ತಟ್ಟಿ ನಾನೇ ಆವಿಗಿ ಮುಂದ ಕುಂತು ಮೂರು ಸಲ ಸುಡ್ತೀನ್ರಿ. ಬುಟ್ಟಿ ನಾನೇ ಹೊತ್ಕೊಂಡು ಬರ್ತೀನಿ, ನಾನೇ ತಟ್ಟಿ ತಗದು ಕೊಡ್ತೀನಿ. ಇನ್ನ ಮ್ಯಾಲ ಬ್ಯಾರೆ ಯಾರೂ ಅದಕ್ಕ ಕೈ ಹಚ್ಚಗೊಡೂದಿಲ್ರಿ.”

“ಶಾಬಾಸ್” ಅಂದರು ಸಾಹೇಬರು, ಕೆಲಸದಲ್ಲಿ ಅಂಥ ಶ್ರದ್ಧೆ ಕಂಡು ಖುಷಿಯಾಗಿ. ಆಮೇಲೆ ಬಸವಂತ್ರಾಯನ ಊದಿದ ಭುಜದ ಮೇಲೆ ಪ್ರೀತಿಯಿಂದ ಒಂದು ಏಟು ಹಾಕಿದರು.

“ನೀ ಇರೂ ತನಕ ನನಗೇನು ಚಿಂತಿ? ಲಗೂನ ಕಲಸ್ತಿಯಲ್ಲಾ?”

“ಹೌದ್ರಿ” ಅಂದ ಬಸವಂತ್ರಾಯ.