ಅತ್ತೆ ತಟ್ಟೆ ಬೀಳಿಸಿದ ದಿನ

ಸ್ವಲ್ಪ ತಡೀರಿ! ತಟ್ಟೆ ಬೀಳುವ ತನಕ ಕೂತಿರಿ, ಆಮೇಲೆ ಬೇಕಾದರೆ ಎದ್ದು ಹೋಗಿ. ನಮ್ಮತ್ತೆ, ಅಂದರೆ ಅಪ್ಪನ ಅಕ್ಕ, ಬರೀ ಒಂದು ಸ್ಟೀಲ್ ತಟ್ಟೆಯಿಂದ ಸರಣಿ ಕೊಲೆಗಾರನನ್ನು ಪತ್ತೆ ಹಚ್ಚಬಲ್ಲಳು. ಸುಳ್ಳಲ್ಲ! ನನ್ನ ಮದುವೆ ಮಾತುಕತೆ ಮುರಿದುಬೀಳುವ ಹಂತಕ್ಕೆ ಬಂದಿದ್ದೇ ಈ ವಿದ್ಯೆಯಿಂದ.

ಅತ್ತೆ ನಾನು ಹುಟ್ಟುವ ಮೊದಲೇ ಜಗಳೂರು ಕಡೆಯ ಗಂಡನ ಮನೆ ಬಿಟ್ಟು ಸಂತೇಬೆನ್ನೂರಿನ ತವರಿಗೆ ಬಂದವಳು. ಯಾಕೆ ಬಂದೆ ಎಂದರೆ, "ಅಲ್ಲಿ ನೀರು ಬಾಳ ಉಪ್ಪು ಕಣೇ" ಎನ್ನುತ್ತಾಳೆ. ನೀರು ಉಪ್ಪೆಂದು ಯಾರಾದರೂ ಗಂಡನನ್ನು ಬಿಡುತ್ತಾರೆಯೇ? ನಗದೆ ಏನು ಮಾಡಲಿ!

ನನಗೋ ಸಿನಿಮಾ ಹುಚ್ಚು. ಫೋನಿನಲ್ಲಿ ನೋಡಿ ನೋಡಿಯೇ ಕ್ಯಾಮೆರಾ, ಎಡಿಟಿಂಗ್ ಎಲ್ಲ ಕಲಿತಿದ್ದೇನೆಂಬ ಜಂಬ ಬೇರೆ. ಜೊತೆಗೆ ಯಾರೂ ಸಿಗದೆ ಅತ್ತೆಯನ್ನೇ ಎಳೆದುಕೊಂಡು ಚನ್ನಗಿರಿಯ ಟಾಕೀಸಿಗೆ ಹೋದೆ. ಸಾಲು ಸಾಲು ಹೆಂಗಸರ ಕೊಲೆ, ಕೊಲೆಗಾರನ ಬೆನ್ನು ಬಿದ್ದ ಪೊಲೀಸಮ್ಮ. ಅತ್ತೆ ಮಂಡಕ್ಕಿ ಮೆಲ್ಲುತ್ತ ತೆರೆಗೇ ಕೂಗಿದಳು: "ಏ ಅವ್ವಾ, ಆ ಕಡೆ ಹೋಗ್ಬ್ಯಾಡ! ಬಾಗ್ಲ ಹಿಂದೆ ಅವ್ನೆ!"

ಮುಂದಿನ ಸಾಲಿನವನು ತಿರುಗಿದ. "ಅಮ್ಮಾ, ಸುಮ್ನೆ ಕುಂತ್ಕಳ್ರೀ."

"ಸುಮ್ನೆ ಕುಂತ್ರೆ ಆ ಹುಡುಗಿ ಸಾಯ್ತಾಳಲ್ಲಪ್ಪಾ! ಉಳಿಸಾಕೆ ನೀನು ಹೋಗ್ತೀಯಾ?"

ಅವನು ಎದ್ದು ಬೇರೆ ಸಾಲಿಗೆ ಹೋದ.

ಕೊನೆಗೆ ಕೊಲೆಗಾರ ಸಿಕ್ಕಿದ್ದು ಹೇಗೆ ಗೊತ್ತೇ? ಅನುಮಾನ ಇದ್ದವರನ್ನೆಲ್ಲ ಕೂರಿಸಿ ಪೊಲೀಸಮ್ಮ ಹಿಂದಿನಿಂದ ಕಬ್ಬಿಣದ ಬಕೆಟ್ ಬೀಳಿಸುತ್ತಾಳೆ. ಎಲ್ಲರೂ ಬೆಚ್ಚುತ್ತಾರೆ, ಒಬ್ಬ ಮಾತ್ರ ಕಣ್ಣೂ ಮಿಟುಕಿಸುವುದಿಲ್ಲ. ಅವನೇ! "ಲಾಜಿಕ್ಕೇ ಇಲ್ಲ" ಎಂದು ನಾನು ಗೊಣಗಿದೆ. ಅತ್ತೆ ಮಾತ್ರ ಕಲ್ಲಾಗಿ ಕೂತಿದ್ದಳು.

ಅದೇ ವಾರ ಸಾಸ್ವೆಹಳ್ಳಿಯಿಂದ ನನ್ನನ್ನು ನೋಡಲು ಹುಡುಗನ ಕಡೆಯವರು ಬಂದರು. ಫೋಟೋ ನೋಡಿ, ಎರಡು ಸಲ ಫೋನಿನಲ್ಲಿ ಮಾತಾಡಿ ನಾನಾಗಲೇ ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದೆ. ಇದೊಂದು ಕೂಡಿಬರಲಪ್ಪಾ ಎಂದು ದೇವರಿಗೆ ಹರಕೆ ಕೂಡ ಹೊತ್ತಿದ್ದೆ!

ಸಂಬಂಧ ತಂದ ಹಿರಿಯರು, "ಹುಡುಗ ಅಪ್ಪಟ ಚಿನ್ನ ರೀ, ಇರುವೆನೂ ತುಳಿಯಾಂಗಿಲ್ಲ" ಎಂದರು.

"ಆ ಸಿನಿಮಾದಾಗೂ ಕೊಲೆಗಾರನ್ನ ಹಿಂಗೇ ಹೊಗಳಿದ್ರು" ಎಂದಳು ಅತ್ತೆ!

ಅಮ್ಮ ಅವಳ ತೋಳು ಚಿವುಟಿದಳು. ಅತ್ತೆ ಉಪ್ಪಿಟ್ಟು ಮುಗಿದ ಖಾಲಿ ತಟ್ಟೆಗಳನ್ನು ಪೇರಿಸಿಕೊಂಡು ಮೆಲ್ಲಗೆ ಹುಡುಗನ ಬೆನ್ನ ಹಿಂದೆ ಹೋಗಿ ನಿಂತಳು. ನನಗೆ ಹೊಳೆಯುವಷ್ಟರಲ್ಲಿ...

ಧಡಾರ್!

ಹುಡುಗ ಕೂತಲ್ಲಿಂದ ಎಗರಿದ. ಕೈಯಲ್ಲಿದ್ದ ಬಿಸಿ ಕಾಫಿ ಪೂರ್ತಿ ಪ್ಯಾಂಟಿನ ಮೇಲೆ! "ಅಯ್ಯಯ್ಯಪ್ಪೋ!" ಎಂದವನು ತಿರುಗಿ ಮೊದಲು ಕೇಳಿದ್ದು, "ಕಾಲ್ಮೇಲೆ ಬಿತ್ತೇನ್ರೀ ಅಮ್ಮಾ?"

"ಬೆಚ್ಚಿಬಿದ್ದ! ಇವ್ನಿಗೇ ಕೊಡ್ರಿ ನಮ್ಮ ಹುಡುಗೀನ!" ಅತ್ತೆ ಚಪ್ಪಾಳೆ ತಟ್ಟಿದಳು.

"ನಮ್ಮ ಹುಡುಗನ್ನ ಸುಡಾಕೆ ಕರೆಸಿದ್ರೇನ್ರೀ?" ಹುಡುಗನ ತಾಯಿ ಎದ್ದೇಬಿಟ್ಟರು. ಅಪ್ಪ ಕೈಮುಗಿಯುತ್ತ ಕಾರಿನ ತನಕ ಹಿಂದೆಯೇ ಓಡಿದರು.

ನಾನು ಹಿತ್ತಲಿಗೆ ಹೋಗಿ, ತಟ್ಟೆ ತೊಳೆಯುತ್ತಿದ್ದ ಅತ್ತೆಯ ಮೇಲೆ ಹರಿಹಾಯ್ದೆ. "ಅದು ಸಿನಿಮಾ ಅತ್ತೆ! ಹಂಗೆಲ್ಲ ಕೊಲೆಗಾರರು ಸಿಗ್ತಾರಾ?"

ಅವಳು ತಲೆ ಎತ್ತಲಿಲ್ಲ. "ನನ್ನ ನೋಡಾಕೆ ಬಂದಾಗ್ಲೂ ನನ್ ಕೈಯಿಂದ ತಟ್ಟೆ ಜಾರಿತ್ತು ಕಣೇ. ಮನೆಮಂದಿಯೆಲ್ಲ ಬೆಚ್ಚಿದ್ರು. ನನ್ ಗಂಡ ಆದವ್ರು ಮಾತ್ರ ಅಲುಗಾಡ್ಲಿಲ್ಲ, ತಿರುಗೀನೂ ನೋಡ್ಲಿಲ್ಲ. ಬಾಳ ಗಂಭೀರ ಹುಡುಗ ಅಂತ ನಮ್ಮಪ್ಪ ಅವತ್ತೇ ಒಪ್ಪಿಬಿಟ್ಟ." ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. "ಆಮೇಲೆ, ನಾನು ಬಿದ್ದಾಗ್ಲೂ ಹಂಗೇ ಕುಂತಿರ್ತಿದ್ರು."

ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಉಳಿದ ತಟ್ಟೆಗಳನ್ನು ತೊಳೆದೆ. ಮರುದಿನ ಸಾಸ್ವೆಹಳ್ಳಿಯಿಂದ ಒಪ್ಪಿಗೆ ಬಂತು; ಹುಡುಗನೇ ಹಟ ಹಿಡಿದು ತಾಯಿಯನ್ನು ಒಪ್ಪಿಸಿದನಂತೆ. ಅಲ್ಲಿಯ ನೀರು ಸಿಹಿಯೋ ಉಪ್ಪೋ, ಅತ್ತೆ ಕೇಳಲೇ ಇಲ್ಲ.

ನಿಮ್ಮ ಮನೆಯಲ್ಲಿ ಹುಡುಗನನ್ನು ಯಾರು, ಹೇಗೆ ಪರೀಕ್ಷಿಸಿದರು? ನನಗೆ ಬರೆದು ತಿಳಿಸಿ. ಅತ್ತೆಯ ಪಕ್ಕದಲ್ಲಿ ಕೂತು ಓದಿ ಹೇಳುತ್ತೇನೆ.